ಇಯರ್‌ಫೋನ್ ಟಿಪ್: ಇಯರ್‌ಪ್ಲಗ್ ಕತ್ತರಿಸಿ ಹಾಕಿದೆ, ಗದ್ದಲದ ಜೊತೆ ಹಾಡೂ ಹೋಯಿತು

ಪ್ರಶ್ನೆ

ನನ್ನ ಇಯರ್‌ಫೋನ್ ಜೊತೆ ಕಿವಿಯೊಳಗೆ ಕೂರುವ ಸಿಲಿಕಾನ್ ಟಿಪ್ ಮೂರು ಸೈಜಿನಲ್ಲಿ ಬಂದಿದ್ದವು. ಚಿಕ್ಕದು ಜಾರುತ್ತದೆ. ದೊಡ್ಡದು ಹಾಕಿದರೆ ಅರ್ಧ ಗಂಟೆಗೆ ಕಿವಿ ನೋಯುತ್ತದೆ. ಮಧ್ಯದ್ದು ಹಿತವಾಗಿದೆ, ಆದರೆ ಬಸ್ಸಿನ ಗಡಗಡ ಪೂರ್ತಿ ಒಳಗೆ ಬರುತ್ತದೆ. ಬೇಸ್ ಅಂತೂ ಹೆಸರಿಗಷ್ಟೇ.

ಮಲಗುವಾಗ ಹಾಕಿಕೊಳ್ಳುವ ಫೋಮ್ ಇಯರ್‌ಪ್ಲಗ್ ಇತ್ತು. ಅದನ್ನು ಅರ್ಧಕ್ಕೆ ಕತ್ತರಿಸಿ, ಸೂಜಿ ಕಾಯಿಸಿ ನಡುವೆ ತೂತು ಮಾಡಿ, ಇಯರ್‌ಫೋನಿನ ನಾಝಲ್‌ಗೆ, ಅಂದರೆ ಶಬ್ದ ಹೊರಬರುವ ಮೂತಿಗೆ, ತುರುಕಿದೆ. ಗದ್ದಲ ಏನೋ ಕಡಿಮೆಯಾಯಿತು. ಆದರೆ ಗಾಯಕರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ, ತಾಳದ ಕಿಣಿಕಿಣಿ ಕೇಳುವುದೇ ಇಲ್ಲ. ಮೂರನೇ ದಿನ ಇಯರ್‌ಫೋನ್ ಎಳೆದರೆ ಅದು ಮಾತ್ರ ಕೈಗೆ ಬಂತು, ಫೋಮ್ ಕಿವಿಯಲ್ಲೇ ಕೂತಿತ್ತು! ಪುಣ್ಯಕ್ಕೆ ತುದಿ ಬೆರಳಿಗೆ ಸಿಕ್ಕಿತು.

ಎಲ್ಲಿ ತಪ್ಪಿದೆ? ಸೂಪರ್ ಗ್ಲೂ ಹಾಕಿ ಅಂಟಿಸಿಬಿಡಲಾ?

ಉತ್ತರ 1

ಮೊದಲು ಆ ಗ್ಲೂ ದೂರ ಎತ್ತಿಡಿ. ಒಣಗಿದ ಮೇಲೆ ಅದು ಗಟ್ಟಿಯಾಗುತ್ತದೆ, ಫೋಮಿನ ಮೆತ್ತಗಿನ ಗುಣವೇ ಹೋಗುತ್ತದೆ. ಅದರ ಆವಿ ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ನಾಝಲ್ ಜಾಲರಿ ಮೇಲೆ ಕೂತರೆ ಇಯರ್‌ಫೋನಿಗೇ ಕುತ್ತು. ಸೂಜಿ ಕಾಯಿಸುವುದೂ ಬೇಡ, ಫೋಮ್ ಸುಟ್ಟ ಹೊಗೆ ಒಳ್ಳೆಯದಲ್ಲ.

ಹಾಡು ಮಂಕಾಗಿದ್ದು ತೂತಿನಿಂದ. ಸೂಜಿಯ ತೂತು ಕಿರಿದು. ಕಿವಿಯಲ್ಲಿ ಫೋಮ್ ಒತ್ತಿಕೊಂಡಾಗ ಅದೂ ಮುಚ್ಚಿಕೊಳ್ಳುತ್ತದೆ. ಆಗ ಮೊದಲು ಕಾಣೆಯಾಗುವುದು ಟ್ರೆಬಲ್, ಅಂದರೆ ಕಿಣಿಕಿಣಿಯಂಥ ತೀಕ್ಷ್ಣ ಸದ್ದು. ಅಂಗಡಿಯಲ್ಲಿ ಸಿಗುವ ಫೋಮ್ ಟಿಪ್‌ನ ಒಳಗೆ ಸಣ್ಣ ಕೊಳವೆ ಇರುತ್ತದೆ, ನೋಡಿದ್ದೀರಾ? ಶಬ್ದದ ದಾರಿಯನ್ನು ತೆರೆದಿಡುವುದೂ ಅದೇ, ನಾಝಲನ್ನು ಬಿಗಿಯಾಗಿ ಹಿಡಿದುಕೊಳ್ಳುವುದೂ ಅದೇ. ನಿಮ್ಮದರಲ್ಲಿ ಅದಿಲ್ಲ. ಹಾಗಾಗಿ ಎರಡು ತೊಂದರೆಯೂ ಒಟ್ಟಿಗೆ ಬಂದಿವೆ.

ಮತ್ತೆ ಕತ್ತರಿ ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಮಧ್ಯದ ಸಿಲಿಕಾನ್ ಟಿಪ್ಪನ್ನೇ ಹಾಕಿ, ಬೇಸ್ ಇರುವ ಹಾಡು ಹಚ್ಚಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ತಟ್ಟನೆ ಏರಿದರೆ ಎಲ್ಲೋ ಸಂದಿ ಇದೆ ಎಂದರ್ಥ. ಬೇಸ್ ಸೋರಿ ಹೋಗುವ ಸಂದಿಯಿಂದಲೇ ಬಸ್ಸಿನ ಗಡಗಡ ಒಳಗೆ ಬರುವುದು. ಒಂದೊಂದೇ ಕಿವಿ ನೋಡಿ, ಎರಡೂ ಕಿವಿಯ ಅಳತೆ ಒಂದೇ ಇರಬೇಕೆಂದಿಲ್ಲ.

ಹಾಕುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆಯಿರಿ. ಕಿವಿಯ ದಾರಿ ನೆಟ್ಟಗಿಲ್ಲ, ಹೀಗೆ ಎಳೆದಾಗ ನೇರವಾಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು

ಎಡಗಡೆ ಒತ್ತಿದರೆ ಏನೂ ಬದಲಾಗಲಿಲ್ಲ. ಬಲಗಡೆ ಒತ್ತಿದ ಕೂಡಲೇ ಡ್ರಮ್ ಬಂತು! ಇಷ್ಟು ದಿನ ಬಲಗಡೆಯದು ಸುಮ್ನೆ ತೂಗಾಡುತ್ತಿತ್ತು ಅಂತಾಯ್ತು. ಕಿವಿ ಎಳೆದು ಹಾಕಿದೆ, ಸ್ವಲ್ಪ ಮೇಲು, ಆದರೆ ದವಡೆ ಆಡಿಸಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಬಲಕ್ಕೆ ಮಾತ್ರ ದೊಡ್ಡ ಟಿಪ್ ಹಾಕಿದರೆ ಶಬ್ದ ಸರಿ. ಆದರೆ ಅದೇ ನೋವು.

ಉತ್ತರ 2

ಹಾಗಾದರೆ ಬಲಗಡೆಗೆ ಮಧ್ಯದ ಟಿಪ್ಪನ್ನೇ ಹಾಕಿ, ಅದಕ್ಕೆ ಮಾತ್ರ ಒಳಗಿನಿಂದ ಫೋಮಿನ ಆಸರೆ ಕೊಡಿ. ಪೂರ್ತಿ ಫೋಮ್ ಟಿಪ್ ಮಾಡುವ ಗೋಜು ಬೇಡ.

ಸಿಲಿಕಾನ್ ಟಿಪ್ ಪುಟ್ಟ ಕೊಡೆ ಇದ್ದ ಹಾಗೆ. ನಡುವೆ ಕೋಲು, ಸುತ್ತ ಬಟ್ಟೆ, ಎರಡರ ನಡುವೆ ಖಾಲಿ ಜಾಗ. ಆ ಜಾಗಕ್ಕೆ ಫೋಮಿನ ಬಳೆ ಹಾಕಬೇಕು. ಇಯರ್‌ಪ್ಲಗ್‌ನಿಂದ 3 ಮಿ.ಮೀ. ದಪ್ಪದ ಬಿಲ್ಲೆ ಕತ್ತರಿಸಿ. ಹೊಸ ಬ್ಲೇಡ್ ಇರಲಿ, ಮೊಂಡು ಬ್ಲೇಡಿಗೆ ಫೋಮ್ ಕುಗ್ಗಿ ಸೊಟ್ಟಗೆ ಕತ್ತರಿಸುತ್ತದೆ. ತೂತಿಗೆ ಸೂಜಿ ಆಗುವುದಿಲ್ಲ, ಅದು ಫೋಮನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ ಅಷ್ಟೆ. ತೆಳು ಲೋಹದ ಕೊಳವೆ ಬೇಕು. ನಾನು ಹಳೇ ರೇಡಿಯೋ ಆಂಟೆನಾದ ತುಂಡಿನ ಅಂಚನ್ನು ಮಸೆದು ಇಟ್ಟುಕೊಂಡಿದ್ದೇನೆ. ತಿರುಗಿಸುತ್ತಾ ಒತ್ತಿದರೆ ದುಂಡಗೆ ಕತ್ತರಿಸಿ ಬರುತ್ತದೆ. ಫೋಮ್ ಜಾರಿ ಸತಾಯಿಸಿದರೆ ನೀರಲ್ಲಿ ನೆನೆಸಿ ಫ್ರೀಜರ್‌ನಲ್ಲಿಡಿ. ಹೆಪ್ಪುಗಟ್ಟಿದ ಮೇಲೆ ಕೊರೆದು ನೋಡಿ, ಮರ ಕೊರೆದ ಹಾಗೆ ಸಲೀಸು. ಆಮೇಲೆ ಚೆನ್ನಾಗಿ ಒಣಗಿಸಿ. ಒದ್ದೆ ಫೋಮ್ ಕಿವಿಗೂ ಕೆಟ್ಟದ್ದು, ಇಯರ್‌ಫೋನಿಗೂ ಕೆಟ್ಟದ್ದು.

ಈಗ ಟಿಪ್‌ನ ಅಂಚನ್ನು ಗಾಳಿಗೆ ಕೊಡೆ ಮಗುಚಿದ ಹಾಗೆ ಮೇಲಕ್ಕೆ ಮಗುಚಿ. ಬಳೆಯನ್ನು ಕೋಲಿಗೆ ತೊಡಿಸಿ. ಅಂಚನ್ನು ಮತ್ತೆ ಇಳಿಸಿ. ಬೆರಳುಗಳ ನಡುವೆ ಹಿಸುಕಿದರೆ ಟಿಪ್ ಮೊದಲಿನಷ್ಟೇ ಸುಲಭವಾಗಿ ಮಡಚಬೇಕು. ಉಬ್ಬಿಕೊಂಡಿದ್ದರೆ ಫೋಮ್ ಜಾಸ್ತಿಯಾಗಿದೆ, ಸುತ್ತಲೂ ಕತ್ತರಿಸಿ. ಆಸೆಗೆ ತುಂಬಿದರೆ ದೊಡ್ಡ ಟಿಪ್‌ನ ನೋವೇ ವಾಪಸ್ ಬರುತ್ತದೆ.

ಶಬ್ದದ ದಾರಿ ಸಿಲಿಕಾನಿನದೇ ಆದ್ದರಿಂದ ಟ್ರೆಬಲ್ ಉಳಿಯುತ್ತದೆ. ಚರ್ಮಕ್ಕೆ ತಾಗುವುದೂ ಸಿಲಿಕಾನೇ. ತೊಳೆಯುವಾಗ ಬಳೆ ತೆಗೆದು ಸೋಪು ನೀರಲ್ಲಿ ಟಿಪ್ ಮಾತ್ರ ತೊಳೆಯಿರಿ.

ಉತ್ತರ 1

ಇದು ನನ್ನ ಉಪಾಯಕ್ಕಿಂತ ವಾಸಿ. ಪೂರ್ತಿ ಫೋಮೇ ಬೇಕು ಅನ್ನುವವರು ಹಳೇ ಟಿಪ್‌ನ ಕೊಡೆ ಭಾಗ ಕತ್ತರಿಸಿ, ಉಳಿದ ಕೊಳವೆಯನ್ನು ಫೋಮಿನೊಳಗೆ ತೂರಿಸಿ. ಕೊಳವೆಯ ತುದಿ ಫೋಮಿನಿಂದ ಆಚೆ ಬರಬಾರದು, ಚುಚ್ಚುತ್ತದೆ. ಯಾವುದೇ ಮಾಡಿ, ಕಿವಿಗೆ ಹಾಕುವ ಮೊದಲು ಹತ್ತು ಸಲ ಜಗ್ಗಿ ನೋಡಿ. ಮುಂದೆ ಏನಾದರೂ ಕಿವಿಯಲ್ಲಿ ಉಳಿದು ಬೆರಳಿಗೆ ಸಿಗದಿದ್ದರೆ ಚಿಮಟ ಹಾಕಲು ಹೋಗಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ. ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು

ಮಾಡಿದೆ. ಮೊದಲ ಎರಡು ಬಿಲ್ಲೆ ಹಾಳು, ಮೂರನೆಯದು ಫ್ರೀಜರ್ ಉಪಾಯದಿಂದ ಚೆನ್ನಾಗಿ ಬಂತು. ಎರಡು ಗಂಟೆ ಹಾಕಿಕೊಂಡಿದ್ದೆ, ನೋವಿಲ್ಲ. ದವಡೆ ಆಡಿಸಿದರೂ ಬೇಸ್ ಹೋಗಲಿಲ್ಲ. ಆದರೆ ಹೊಸದೊಂದು ಶುರುವಾಗಿದೆ: ಒಳಗೆ ತಳ್ಳುವಾಗ ಪ್ಲಾಸ್ಟಿಕ್ ಹಾಳೆ ಮುದುಡಿದ ಹಾಗೆ ಚರಚರ ಅನ್ನುತ್ತದೆ. ಒಡೆಯಿತಾ ಅಂತ ಭಯ.

ಉತ್ತರ 2

ಒಡೆದಿಲ್ಲ. ಈಗ ಗಾಳಿ ಸೋರುತ್ತಿಲ್ಲವಲ್ಲ, ತಳ್ಳಿದಾಗ ಒಳಗಿನ ಗಾಳಿ ಡ್ರೈವರ್‌ನ (ಇಯರ್‌ಫೋನಿನೊಳಗಿನ ಪುಟ್ಟ ಸ್ಪೀಕರಿನ) ತೆಳು ಪೊರೆಯನ್ನು ಒತ್ತುತ್ತದೆ. ಅದರ ಸದ್ದು ಅದು. ಕಿವಿ ಎಳೆದುಕೊಂಡು ನಿಧಾನವಾಗಿ ಹಾಕಿ. ನಾಝಲ್ ಬುಡದಲ್ಲಿ ಸೂಜಿಮೊನೆಯಷ್ಟು ರಂಧ್ರ ಇದೆಯಾ ನೋಡಿ. ಅದು ಗಾಳಿಗೆ ಬಿಟ್ಟ ದಾರಿ. ನಿಮ್ಮ ಬಳೆ ಅದನ್ನು ಮುಚ್ಚಿರಬಹುದು.

ಪ್ರಶ್ನೆ ಕೇಳಿದವರು

ಹೌದು, ಬಳೆ ಸರಿಯಾಗಿ ಅದರ ಮೇಲೇ ಕೂತಿತ್ತು! ಒಂದು ಮಿ.ಮೀ.ನಷ್ಟು ಕತ್ತರಿಸಿದೆ, ಚರಚರ ನಿಂತಿತು. ನಡೆಯುವಾಗ ನನ್ನ ಹೆಜ್ಜೆ ನನಗೇ ಧಡ್ ಧಡ್ ಅಂತ ಕೇಳುತ್ತದೆ. ಇದಕ್ಕೆ ಮದ್ದಿದೆಯಾ?

ಉತ್ತರ 1

ವೈರಿನ ಸದ್ದಾದರೆ ವೈರನ್ನು ಕಿವಿಯ ಹಿಂದಿನಿಂದ ಸುತ್ತಿ ತಂದರೆ ಕಡಿಮೆಯಾಗುತ್ತದೆ. ಹೆಜ್ಜೆಯ ಸದ್ದು ಕಿವಿ ಮುಚ್ಚಿಕೊಂಡಿದ್ದರ ಫಲ, ಮೂಳೆಯ ಮೂಲಕ ಬರುತ್ತದೆ. ಸ್ವಲ್ಪ ಸಹಿಸಿಕೊಳ್ಳಬೇಕು. ನಡೆಯುವಾಗ ರಸ್ತೆಯಲ್ಲಿ ಒಂದು ಕಿವಿ ಖಾಲಿ ಇರಲಿ, ಈಗ ಹಾರ್ನ್ ಕೂಡ ಕೇಳುವುದಿಲ್ಲ ನಿಮಗೆ.

ಪ್ರಶ್ನೆ ಕೇಳಿದವರು

ಸರಿ, ಬಸ್ಸಿನಲ್ಲಿ ಮಾತ್ರ ಎರಡೂ ಹಾಕುತ್ತೇನೆ. ತೊಳೆಯುವಾಗ ಎಡ ಬಲ ಅದಲು ಬದಲಾಗದಿರಲಿ ಅಂತ ಬಲಗಡೆಯ ಬಳೆಗೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ.