ನಾಮದ ಬೇರು: ಗುರುತು ಹಿಡಿಯೋದು ಹೇಗೆ, ಘಮ ಉಳಿಸೋದು ಹೇಗೆ?

ಬೇಲಿಸಾಲು:
ತೋಟದ ಬೇಲಿ ಮೇಲೆ ತೆಳ್ಳನೆಯ ಬಳ್ಳಿ ಹಬ್ಬಿದೆ. ಉದ್ದ ಎಲೆ, ನಡುವೆ ಬಿಳಿ ಗೆರೆ, ಚಿವುಟಿದರೆ ಹಾಲು. ಇದು ನಾಮದ ಬೇರೇ (ಸೊಗದೆ ಬೇರು) ತಾನೆ? ಬೇರನ್ನು ಬಿಸಿಲಲ್ಲಿ ಒಣಗಿಸಿ ಅರ್ಧ ಗಂಟೆ ಕುದಿಸಿ ಶರಬತ್ತು ಮಾಡಿದರೆ ಬಣ್ಣ ಬರುತ್ತೆ, ಘಮ ಬರಲ್ಲ. ಯಾಕೆ?

ಕುರುಚಲು ಕಾಡು:
ಬಿಳಿ ಗೆರೆಯೊಂದನ್ನೇ ನಂಬಬೇಡಿ. ಒಂದೇ ಬಳ್ಳಿಯಲ್ಲಿ ಸಪೂರ ಎಲೆಯೂ ಇರುತ್ತೆ, ಅಗಲದ ಎಲೆಯೂ ಇರುತ್ತೆ. ಅಗಲದ್ದರಲ್ಲಿ ಗೆರೆ ಮಸುಕು. ಎಲೆಗಳು ಎದುರುಬದುರಾಗಿರಬೇಕು. ಗೆಣ್ಣಿನ ಹತ್ತಿರ ಪುಟ್ಟ ಹೂಗೊಂಚಲು, ಹೊರಗೆ ಹಸಿರು, ಒಳಗೆ ನೇರಳೆ. ಕಾಯಿ ಸಣ್ಣ ಕಡ್ಡಿಯಂತೆ ಜೋಡಿಯಾಗಿ ಬಿಡುತ್ತೆ, ಬೀಜಕ್ಕೆ ರೇಷ್ಮೆ ಕೂದಲು. ಕೊನೆಯ ಪರೀಕ್ಷೆ ಬೇರಿನದೇ: ತೆಳ್ಳಗೆ, ಗಟ್ಟಿಯಾಗಿ, ಕಂದು ಸಿಪ್ಪೆಯದ್ದು. ಉಗುರಲ್ಲಿ ಗೀರಿದ ಕೂಡಲೇ ವೆನಿಲ್ಲಾದಂಥ ವಾಸನೆ ಮೂಗಿಗೆ ಬಡಿಯಬೇಕು. ಹಸಿ ಬೇರಿಗೇ ವಾಸನೆ ಇಲ್ಲ ಅಂದ್ರೆ ಅದು ಇದನ್ನೇ ಹೋಲುವ ಕೃಷ್ಣ ಸಾರಿವಾ ಅನ್ನೋ ಬಳ್ಳಿ ಅಥವಾ ಬೇರೇನೋ. ಹಾಲು ಬರುವ ಬಳ್ಳಿಗಳಲ್ಲಿ ವಿಷದವೂ ಇವೆ, ಅನುಮಾನ ಇದ್ದರೆ ಬಾಯಿಗೆ ಹಾಕಲೇಬೇಡಿ.

ಅಂದ ಹಾಗೆ, ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು ಬೇರೆ ಗಿಡ. ವಾಸನೆ ಅದೇ, ಆದರೆ ಬೇರು ದಪ್ಪ, ರಸಭರಿತ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಡೋದು ಮಾಮೂಲು.

ಕಷಾಯದ ಪಾತ್ರೆ:
ಹಸಿ ಬೇರಿಗೆ ಘಮ ಇದ್ದರೆ ನಿಮ್ಮದು ಬಿಸಿಲು ಮತ್ತು ಕುದಿಯ ತೊಂದರೆ. ಪರಿಮಳ ಇರೋದು ಸಿಪ್ಪೆಯಲ್ಲಿ, ಅದು ಆವಿಯಾಗುವ ಎಣ್ಣೆ. ಮುಚ್ಚಳ ಇಲ್ಲದೆ ಕುದಿಸಿದರೆ ಅಡುಗೆಮನೆ ಘಮಘಮ, ಶರಬತ್ತು ಸಪ್ಪೆ. ಮಣ್ಣು ಬೇಗ ತೊಳೆದು, ನೆನೆಸಿಡದೆ, ನೆರಳಲ್ಲಿ ಒಣಗಿಸಿ.

100 ಗ್ರಾಂ ಒಣ ಬೇರನ್ನು ಜಜ್ಜಿ, ನಡುವಿನ ನಾರು ಎಳೆದು ಬಿಸಾಕಿ. 1 ಲೀಟರ್ ನೀರು ಕುದಿಸಿ ಒಲೆಯಿಂದ ಇಳಿಸಿದ ಮೇಲೆ ಸಿಪ್ಪೆ ಹಾಕಿ, ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ಬಟ್ಟೆಯಲ್ಲಿ ಸೋಸಿದರೆ ಸುಮಾರು 800 ಮಿಲಿ ಸಿಗುತ್ತೆ. ಅದಕ್ಕೆ ಒಂದೂವರೆ ಕೆಜಿ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಕರಗಿದ ತಕ್ಷಣ ಆರಿಸಿ. ತಣ್ಣಗಾದ ಮೇಲೆ ಎರಡು ನಿಂಬೆಹಣ್ಣಿನ ರಸ. ಸಕ್ಕರೆ ಕಮ್ಮಿ ಮಾಡಿದರೆ ಹುಳಿಯುತ್ತೆ, ಒದ್ದೆ ಚಮಚ ಅದ್ದಿದರೆ ಬೂಷ್ಟು ಹಿಡಿಯುತ್ತೆ. ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಸಾಕು. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ. ಗರ್ಭಿಣಿಯರು, ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಬಳಸಲಿ.

ಕುರುಚಲು ಕಾಡು:
ಅಗೆಯೋ ವಿಚಾರ ಒಂದು ಬಿಟ್ಟಿದ್ದೆ. ಬಳ್ಳಿ ಹಿಡಿದು ಎಳೆಯಬೇಡಿ, ಬೇರು ತುಂಡಾಗಿ ಅರ್ಧ ಮಣ್ಣಲ್ಲೇ ಉಳಿಯುತ್ತೆ. ಮಳೆಗಾಲ ಮುಗಿದ ಮೇಲೆ ಒಂದು ಅಡಿ ದೂರದಿಂದ ಮಣ್ಣು ಸಡಿಲಿಸಿ, ಪಕ್ಕದ ಬೇರು ಮಾತ್ರ ಕತ್ತರಿಸಿ. ಬುಡವೂ ನಾಲ್ಕಾರು ಬೇರೂ ಮಣ್ಣಲ್ಲೇ ಇರಲಿ, ಮತ್ತೆ ಚಿಗುರುತ್ತೆ. ಬೆರಳುದ್ದದ ಬೇರಿನ ತುಂಡುಗಳನ್ನು ಮರಳು ಬೆರೆಸಿದ ಮಣ್ಣಲ್ಲಿ ನೆಟ್ಟು ಸಸಿ ಮಾಡಬಹುದು. ನೀರು ನಿಂತರೆ ಕೊಳೆಯುತ್ತೆ. ಮೀಸಲು ಅರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಗುದ್ದಲಿ ಹಾಕಬೇಡಿ. ಮಾಗಳಿಯಂತೂ ಹೀಗೆ ಬುಡಸಮೇತ ಕಿತ್ತೂ ಕಿತ್ತೂ ಅಳಿವಿನಂಚಿಗೆ ಬಂದಿದೆ.