ಪದಚರ್ಚೆ: ‘ಆಧ್ಯಾತ್ಮಿಕ ಗುರು’ ಎನ್ನುವಲ್ಲಿ ವಿಶೇಷಣ ಬೇಕೇ?

ಎಲ್ಲರಿಗೂ ನಮಸ್ಕಾರ.

ಪ್ರವಚನ ಮಾಡುವವರು, ಧ್ಯಾನ ಕಲಿಸುವವರು, ಆಶ್ರಮ ಕಟ್ಟಿದವರು, ಹೀಗೆ ಯಾರ ಸುದ್ದಿ ಬಂದರೂ ಪತ್ರಿಕೆಗಳಲ್ಲಿ ಹೆಸರಿನ ಹಿಂದೆ ‘ಆಧ್ಯಾತ್ಮಿಕ ಗುರು’ ಎಂದು ಸೇರಿಕೊಂಡಿರುತ್ತದೆ. ಕೆಲವರು ‘ಆಧ್ಯಾತ್ಮ ಗುರು’ ಎಂದೂ ಬರೆಯುತ್ತಾರೆ. ಅದು ತಪ್ಪೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ: ನಾಮಪದ ಅಧ್ಯಾತ್ಮ, ವಿಶೇಷಣ ಆಧ್ಯಾತ್ಮಿಕ. ನನ್ನ ಪ್ರಶ್ನೆ ಕಾಗುಣಿತದ್ದಲ್ಲ. ಗುರು ಎಂದ ಮೇಲೆ ಆಧ್ಯಾತ್ಮಿಕ ಎಂದು ಬೇರೆ ಹೇಳಬೇಕೇ? ಈ ಜೋಡಿ ಕನ್ನಡಕ್ಕೆ ಎಂದಿನಿಂದ ಬಂತು?

ಬೇಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಗುರು ಎಂಬುದು ಹರವಾದ ಪದ. ಮನುಸ್ಮೃತಿಯ ಎರಡನೆಯ ಅಧ್ಯಾಯವನ್ನೇ ನೋಡಿ. ಉಪನಯನ ಮಾಡಿ ವೇದವನ್ನು ಕಲ್ಪ (ಯಜ್ಞವಿಧಿ), ರಹಸ್ಯ (ಉಪನಿಷತ್ತು)ಗಳ ಸಮೇತ ಕಲಿಸುವವನು ಅಲ್ಲಿ ಆಚಾರ್ಯ. ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಹೇಳಿಕೊಡುವವನು ಉಪಾಧ್ಯಾಯ. ಇನ್ನು ಗುರು? ನಿಷೇಕಾದಿ (ಗರ್ಭಾಧಾನ ಮೊದಲಾದ) ಕರ್ಮಗಳನ್ನು ಮಾಡಿ ಅನ್ನವಿಟ್ಟು ಬೆಳೆಸುವವನು, ಎಂದರೆ ಹೆಚ್ಚುಕಡಿಮೆ ತಂದೆ! ನಮ್ಮ ‘ಗುರುಹಿರಿಯರು’ ಎಂಬ ಜೋಡುನುಡಿಯಲ್ಲಿಯೂ ಈ ಅಗಲವಾದ ಅರ್ಥವೇ ಉಳಿದಿದೆ. ಸಂಗೀತದ ಗುರು, ಗರಡಿಯ ಗುರು ಇರುವಾಗ ಅಧ್ಯಾತ್ಮದ ಗುರುವನ್ನು ಬೇರೆಯಾಗಿ ತೋರಿಸಬೇಕಲ್ಲ ಎಂದು ಕೇಳಬಹುದು.

ಉಪನಿಷತ್ತಿನ ಕಾಲಕ್ಕೂ ಬರಿಯ ‘ಗುರು’ ಸಾಲದೆ ಬಂದಿತ್ತು. ಬ್ರಹ್ಮವನ್ನು ಅರಿಯಬೇಕೆನ್ನುವವನು ಸಮಿತ್ತುಗಳನ್ನು ಹಿಡಿದು ಗುರುವಿನ ಬಳಿಗೇ ಹೋಗಬೇಕು ಎನ್ನುವ ಮುಂಡಕೋಪನಿಷತ್ತು (1.2.12) ಆ ಗುರುವಿಗೆ ‘ಶ್ರೋತ್ರಿಯಂ ಬ್ರಹ್ಮನಿಷ್ಠಂ’ ಎಂಬ ಎರಡು ವಿಶೇಷಣಗಳನ್ನು ಕೊಡುತ್ತದೆ. ಆದರೆ ಇವು ಯಾವ ಬಗೆಯ ವಿಶೇಷಣಗಳು ಎಂಬುದನ್ನು ಗಮನಿಸಿ. ಶ್ರೋತ್ರಿಯ ಎಂದರೆ ಶ್ರುತಿಯನ್ನು ಪರಂಪರೆಯಿಂದ ಕೇಳಿ ಕಲಿತವನು. ಬ್ರಹ್ಮನಿಷ್ಠ ಎಂದರೆ ಕಲಿತದ್ದರಲ್ಲಿ ನೆಲೆನಿಂತವನು. ಓದು ಮಾತ್ರ ಇದ್ದರೆ ಪಂಡಿತನಾದಾನು. ಅನುಭವ ಮಾತ್ರ ಇದ್ದರೆ ತಾನು ದಾಟಿಯಾನು, ಇನ್ನೊಬ್ಬನಿಗೆ ಹೇಳಿಕೊಡುವ ಮಾತು ಅವನಲ್ಲಿ ಇರಲಿಕ್ಕಿಲ್ಲ. ಎರಡೂ ಬೇಕು ಎಂಬುದು ಮಂತ್ರದ ಆಗ್ರಹ. ‘ಗುರುಮೇವ’ ಎಂಬಲ್ಲಿನ ‘ಏವ’ವನ್ನು ಹಿಡಿದು ಶಂಕರರು, ಶಾಸ್ತ್ರ ಬಲ್ಲವನೂ ಸ್ವತಂತ್ರವಾಗಿ ಬ್ರಹ್ಮಜ್ಞಾನವನ್ನು ಹುಡುಕಬಾರದು ಎನ್ನುತ್ತಾರೆ. ಅಂದರೆ ಹಳೆಯ ವಿಶೇಷಣಗಳು ಗುರುವಿನ ಅರ್ಹತೆಯನ್ನು ಹೇಳುತ್ತವೆ. ‘ಆಧ್ಯಾತ್ಮಿಕ’ ಹೇಳುವುದು ಕಾರ್ಯಕ್ಷೇತ್ರವನ್ನು. ಚರ್ಮರೋಗ ತಜ್ಞ ಎಂಬ ಫಲಕದ ಹಾಗೆ. ನನಗೆ ಇರಿಸುಮುರಿಸಾಗುವುದು ಇಲ್ಲಿ.

ಕನ್ನಡದಲ್ಲಿ ಮೊದಲಿಂದ ಬಂದಿರುವ ಸಮಾಸಗಳೂ ಕ್ಷೇತ್ರವನ್ನಲ್ಲ, ಕೆಲಸವನ್ನು ಹೇಳುವಂಥವು. ವೀರಶೈವರಲ್ಲಿ ದೀಕ್ಷಾಗುರು, ಶಿಕ್ಷಾಗುರು, ಜ್ಞಾನಗುರು ಎಂಬ ಸ್ಥಲಗಳು (ಸಾಧನೆಯ ಹಂತಗಳು) ಇವೆ. ಭಕ್ತನನ್ನು ಕಾಯುವ ಎಂಟು ಆವರಣಗಳಲ್ಲಿ, ಎಂದರೆ ಅಷ್ಟಾವರಣಗಳಲ್ಲಿ, ಗುರುವೇ ಮೊದಲನೆಯದು. ಮಾಧ್ವರಲ್ಲಿ ‘ಸ್ವರೂಪೋದ್ಧಾರಕ ಗುರು’, ಎಂದರೆ ಜೀವದ ನಿಜಸ್ವರೂಪವನ್ನು ಮೇಲೆತ್ತುವ ಗುರು, ಎಂಬ ಮಾತಿದೆ. ಇವುಗಳಲ್ಲಿ ಗುರು ಶಿಷ್ಯನಿಗೆ ಏನು ಮಾಡುತ್ತಾನೆ ಎಂಬುದು ಹೆಸರಿನಲ್ಲಿಯೇ ಇದೆ, ಶಿಷ್ಯನಿಲ್ಲದೆ ಹೆಸರಿಗೆ ಅರ್ಥವಿಲ್ಲ. ಅಲ್ಲಮನ ಒಂದು ವಚನದಲ್ಲಿ ಗುರು ಶಿಷ್ಯನಿಗೆ ಕೃತಯುಗದಲ್ಲಿ ಬಡಿದು, ತ್ರೇತಾಯುಗದಲ್ಲಿ ಬಯ್ದು, ದ್ವಾಪರದಲ್ಲಿ ಜಂಕಿಸಿ (ಗದರಿಸಿ) ಬುದ್ಧಿ ಕಲಿಸುತ್ತಾನೆ. ಕಲಿಯುಗಕ್ಕೆ ಬಂದಾಗ ಶಿಷ್ಯನಿಗೆ ವಂದಿಸಿ ಕಲಿಸುತ್ತಾನೆ. ವ್ಯಂಗ್ಯ ಎಷ್ಟು ಹರಿತವಾಗಿದ್ದರೂ ಅಲ್ಲಿಯೂ ಎದುರಿಗೆ ಒಬ್ಬ ಶಿಷ್ಯನಿದ್ದಾನೆ. ‘ಖ್ಯಾತ ಆಧ್ಯಾತ್ಮಿಕ ಗುರು’ ಎನ್ನುವಾಗ ಯಾರಿಗೆ ಗುರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ಚರ್ಚೆ ಎತ್ತಿದಾಗಲೆಲ್ಲ ‘ಗು ಎಂದರೆ ಕತ್ತಲೆ, ರು ಎಂದರೆ ಅದನ್ನು ಕಳೆಯುವವನು’ ಎಂಬ ಉತ್ತರ ಬರುವುದರಿಂದ ಮೊದಲೇ ಒಂದು ಮಾತು. ಅದ್ವಯತಾರಕೋಪನಿಷತ್ತಿನಲ್ಲಿ ಈ ವಿವರಣೆ ಇದೆ, ಸೊಗಸಾಗಿಯೂ ಇದೆ. ಆದರೆ ಅದು ಗುರುವಿನ ಕೆಲಸದ ವಿವರಣೆಯೇ ಹೊರತು ಪದದ ಹುಟ್ಟಲ್ಲ. ಗುರು ಎಂದರೆ ಭಾರವಾದದ್ದು. ಛಂದಸ್ಸಿನ ಗುರು-ಲಘು, ಭೌತವಿಜ್ಞಾನದ ಗುರುತ್ವ, ದಿನಬಳಕೆಯ ಗೌರವ ಎಲ್ಲವೂ ಆ ಅರ್ಥದವೇ. ಆಚಾರ್ಯ ಪದಕ್ಕೆ, ವೇದದ ಪದಗಳ ಹುಟ್ಟನ್ನು ವಿವರಿಸಿದ ಯಾಸ್ಕ ಕೊಡುವ ನಿರ್ವಚನವೂ ಇದೇ ಜಾತಿಯದು: ಆಚಾರವನ್ನು ಹಿಡಿಸುವವನು, ಅರ್ಥಗಳನ್ನು ಕೂಡಿಸಿಕೊಡುವವನು, ಅಥವಾ ಬುದ್ಧಿಯನ್ನು ಕೂಡಿಸಿಕೊಡುವವನು. ಒಂದೇ ಪದಕ್ಕೆ ಮೂರು ದಾರಿ ತೋರಿಸಿ ಸುಮ್ಮನಾಗುತ್ತಾನೆ. ಆ ‘ಆಚಾರ’ದ ಮಾತಿಗೆ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಎಂಬ ಭಾಗವನ್ನು ಸೇರಿಸಿ ಓದಬೇಕು. ‘ಆಚಾರ್ಯದೇವೋ ಭವ’ ಎಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಬೆನ್ನಿಗೇ ಆಚಾರ್ಯ, ನಮ್ಮಲ್ಲಿ ಯಾವುವು ಒಳ್ಳೆಯ ನಡತೆಗಳೋ ಅವನ್ನು ಮಾತ್ರ ಅನುಸರಿಸು, ಉಳಿದವನ್ನಲ್ಲ ಎನ್ನುತ್ತಾನೆ. ಆ ಮಾತು ಸಭಾಂಗಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು. ‘ಆಧ್ಯಾತ್ಮಿಕ ಗುರು’ ಎಂಬ ಜೋಡಿಯ ಹಳೆಯ ಮುದ್ರಿತ ಪ್ರಯೋಗ ಯಾರಿಗಾದರೂ ಸಿಕ್ಕಿದೆಯೇ? ಇಂಗ್ಲಿಷಿನಿಂದ ಬಂದ ಅನುವಾದ ಎಂಬುದು ನನ್ನ ಗುಮಾನಿ, ಆಧಾರ ಸಿಕ್ಕರೆ ಬಿಟ್ಟುಕೊಡುತ್ತೇನೆ. ಎರಡನೆಯದು, ಉಪಾಧ್ಯಾಯ ಸವೆದು ಓಜ ಆಯಿತು, ಆಚಾರ್ಯ ಆಚಾರಿಯಾಗಿ ಕುಶಲಕರ್ಮಿಗಳ ಹೆಸರಿಗೆ ಸೇರಿತು. ಮೈಲಾರಲಿಂಗನ ಭಕ್ತರಾದ ಗೊರವರ ‘ಗೊರವ’ವನ್ನು ಗುರುವಿನ ತದ್ಭವವೆಂದು ಒಪ್ಪಬಹುದೇ? ಕೊನೆಯದಾಗಿ, ಸುದ್ದಿಮನೆಯಲ್ಲಿ ಕೆಲಸ ಮಾಡುವ ಗೆಳೆಯರಿಗೆ: ಪ್ರವಚನ ಮಾಡುವವರನ್ನು ಪ್ರವಚನಕಾರರು, ಯೋಗ ಕಲಿಸುವವರನ್ನು ಯೋಗಶಿಕ್ಷಕರು ಎಂದು ಬರೆಯಲು ಇರುವ ಅಡ್ಡಿಯೇನು?