ಬ್ಯಾಗಿನ ಅರೋರಾ ಪಿಂಕು, ಸಿನಿಮಾದ ಅರೋರಾ ನೀಲಿ

ವೀಣತ್ತಿಗೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕ್ತಿದೀನಿ, ಸ್ವಲ್ಪ ಉದ್ದ ಆಗತ್ತೆ. ಪುಟ್ಟಿ ಸ್ಲೀಪಿಂಗ್ ಬ್ಯೂಟಿ ನೋಡ್ತಾ "ಇವಳು ಅರೋರಾ ಅಲ್ಲ, ಅರೋರಾ ಗೌನು ಪಿಂಕು" ಅಂತ ರಂಪ ಮಾಡಿದ್ಲು ಅಂದ್ರಲ್ಲ, ಭಾವ ಅವಳ ಅರೋರಾ ಚಿತ್ರದ ಬ್ಯಾಗೇ ಡೂಪ್ಲಿಕೇಟ್ ಅಂದ್ರಂತೆ. ಬಣ್ಣ ನೋಡಿ ಹಾಗೆ ಹೇಳೋಕಾಗಲ್ಲ. ಒರಿಜಿನಲ್ ಮಾಲಲ್ಲೂ ಅವಳು ಪಿಂಕೇ. 1959ರ ಡಿಸ್ನಿ ಸಿನಿಮಾದಲ್ಲಿ ಗೌನು ಹೆಚ್ಚು ಹೊತ್ತು ನೀಲಿ. ಕೊನೇ ಡ್ಯಾನ್ಸಲ್ಲಿ ಇಬ್ಬರು ದೇವತೆಯರು ಹಟಕ್ಕೆ ಬಿದ್ದು ಪಿಂಕು-ನೀಲಿ-ಪಿಂಕು ಅಂತ ಬದಲಾಯಿಸ್ತಾರೆ, ಅಷ್ಟೇ.

ಹಾಗಾದ್ರೆ ಪಿಂಕು ಯಾಕೆ? ಸಿಂಡರೆಲ್ಲಾಗೆ ನೀಲಿ ಕೊಟ್ಟಾಗಿತ್ತಲ್ಲ! ಅದೂ ಅವಳ ಸ್ವಂತ ಬಣ್ಣ ಅಲ್ಲ, 1950ರ ಸಿನಿಮಾದಲ್ಲಿ ಅವಳ ಗೌನು ಬೆಳ್ಳಿ ಬಿಳಿ, ರಾತ್ರಿ ಬೆಳಕಿಗೆ ತುಸು ನೀಲಿ ಹೊಡೆಯತ್ತೆ. ಬ್ಯೂಟಿ ಆ್ಯಂಡ್ ದ ಬೀಸ್ಟ್ ಸಿನಿಮಾದ ಬೆಲ್ ಹಳ್ಳೀಲಿ ಓಡಾಡೋದು ನೀಲಿ ಲಂಗದಲ್ಲಿ, ಬ್ಯಾಗ್ ಮೇಲೆ ಮಾತ್ರ ಯಾವಾಗ್ಲೂ ಹಳದಿ. ಅರೋರಾ, ಸಿಂಡರೆಲ್ಲಾ ಇಬ್ಬರೂ ಹೊಂಬಣ್ಣದ ಕೂದಲಿನವರು, ಒಂದೇ ಬಣ್ಣದ ಗೌನಲ್ಲಿ ಪಕ್ಕಪಕ್ಕ ನಿಂತ್ರೆ ಮೂರು ವರ್ಷದ ಮಗು ದೂರದಿಂದ ಗುರುತು ಹಿಡಿಯಲ್ಲ ನೋಡಿ, ಅದಕ್ಕೆ ತಲೆಗೊಂದು ಬಣ್ಣ.

ಬ್ಯಾಗ್ ಮಾಡೋರು ಸಿನಿಮಾ ನೋಡಿ ಚಿತ್ರ ಬರೆಯಲ್ಲ. ಡಿಸ್ನಿಯಿಂದ ಲೈಸೆನ್ಸ್ ತಗೊಂಡ ಕಂಪನಿಗೆ ಸ್ಟೈಲ್ ಗೈಡ್ ಅಂತ ಒಂದು ಕಟ್ಟು ಬರತ್ತೆ. ಯಾವ ಭಂಗಿ, ಯಾವ ಬಣ್ಣದ ನಂಬರ್, ಎಲ್ಲಾ ಅದರಲ್ಲೇ. ಅದರ ಪ್ರಕಾರ ಡಿಸೈನ್ ಮಾಡಿ, ಸ್ಯಾಂಪಲ್ ಕಳಿಸಿ, ಒಪ್ಪಿಗೆ ಬಂದ ಮೇಲೇ ಅಚ್ಚು. ಹಾಗಾಗಿ ಬಾಟಲಿ, ಚಪ್ಪಲಿ, ಹೊದಿಕೆ ಎಲ್ಲದರಲ್ಲೂ ಅದೇ ನಗು, ಅದೇ ಪಿಂಕು. ಪುಟ್ಟಿ ಸಿನಿಮಾ ಒಂದು ಸಲ ನೋಡಿದ್ರೆ ಬಾಟಲಿ ದಿನಕ್ಕೆ ಹತ್ತು ಸಲ ನೋಡ್ತಾಳೆ. ಅವಳ ಲೆಕ್ಕದಲ್ಲಿ ಸಿನಿಮಾದವಳೇ ಡೂಪ್ಲಿಕೇಟ್, ತಪ್ಪೇನಿಲ್ಲ.

ಈ "ಡಿಸ್ನಿ ಪ್ರಿನ್ಸೆಸ್" ಗುಂಪು ಕಥೆ ಬರೆಯೋರು ಮಾಡಿದ್ದಲ್ಲ, ಮಾರೋರು ಮಾಡಿದ್ದು. 2000ದ ಸುಮಾರಿಗೆ ನೈಕಿಯಿಂದ ಡಿಸ್ನಿಗೆ ಬಂದ ಆ್ಯಂಡಿ ಮೂನಿ ಅರಿಜೋನಾದ ಫೀನಿಕ್ಸಲ್ಲಿ ಡಿಸ್ನಿ ಪಾತ್ರಗಳ ಐಸ್ ಸ್ಕೇಟಿಂಗ್ ಶೋಗೆ ಹೋಗಿದ್ರು. ಅಲ್ಲಿ ಹುಡುಗೀರು ಮನೇಲಿ ಹೊಲಿದ ರಾಜಕುಮಾರಿ ಗೌನು ಹಾಕ್ಕೊಂಡು ಸಾಲಲ್ಲಿ ನಿಂತಿದ್ರು. ಗಿರಾಕಿ ರೆಡಿ, ಸರಕೇ ಇಲ್ಲ! ಬೇರೆ ಬೇರೆ ಕಥೆಯವರನ್ನ ಒಂದೇ ಹೆಸರಲ್ಲಿ ಕಟ್ಟಿದ್ರು. 2001ರಲ್ಲಿ 30 ಕೋಟಿ ಡಾಲರ್ ಇದ್ದ ಮಾರಾಟ 2006ಕ್ಕೆ 300 ಕೋಟಿ. ಆ ಕಾಲದ ಹಳೇ ಟಿಫಿನ್ ಡಬ್ಬಿ ಯಾರ ಮನೇಲಾದ್ರೂ ಇದ್ರೆ ಕಣ್ಣು ನೋಡಿ. ಎಲ್ಲರೂ ಒಟ್ಟಿಗೆ ನಿಂತಿರ್ತಾರೆ, ಒಬ್ಬಳೂ ಇನ್ನೊಬ್ಬಳನ್ನ ನೋಡಲ್ಲ. ಅವಳವಳ ಕಥೆ ಅವಳವಳದೇ ಅನ್ನೋ ಹಾಗೆ ಬೇಕಂತಲೇ ಮಾಡಿದ್ದು.

ನನಗೆ ಬಣ್ಣಕ್ಕಿಂತ ಸಿಟ್ಟು ಬರೋದು ಗಂಡುವೇಷ ಹಾಕಿ ಯುದ್ಧಕ್ಕೆ ಹೋದ ಮುಲಾನ್ ವಿಷಯದಲ್ಲಿ. ಅವಳು ರಾಜಕುಮಾರೀನೂ ಅಲ್ಲ, ರಾಜಕುಮಾರನ್ನ ಮದುವೆ ಆದವಳೂ ಅಲ್ಲ. ಆದ್ರೂ ಗುಂಪಿಗೆ ಸೇರಿಸಿ, ಮದುವೆ ಗೊತ್ತು ಮಾಡುವಾಕೆ ಹತ್ರ ಹೋಗೋಕೆ ಹಾಕಿದ ಬಟ್ಟೇಲಿ ನಿಲ್ಲಿಸಿದ್ರು. ಸಿನಿಮಾದಲ್ಲಿ ಅವಳಿಗೆ ಉಸಿರು ಕಟ್ಟಿಸಿದ್ದೇ ಆ ವೇಷ, ಮನೆಗೆ ಬಂದು ಆ ಮೇಕಪ್ಪನ್ನ ಒರೆಸಿ ಹಾಕ್ತಾಳೆ! 2013ರಲ್ಲಿ ಬ್ರೇವ್ ಸಿನಿಮಾದ ಮೆರಿಡಾಗೂ ಹೀಗೇ ಆಯ್ತು. ಗುಂಪಿಗೆ ಸೇರಿಸುವಾಗ ಬಿಲ್ಲು-ಬತ್ತಳಿಕೆ ತೆಗೆದು, ಸೊಂಟ ಸಣ್ಣ ಮಾಡಿ, ಮಿಂಚು ಬಳಿದ್ರು. ಆ ಸಿನಿಮಾದ ನಿರ್ದೇಶಕಿ ಬ್ರೆಂಡಾ ಚಾಪ್ಮನ್ ಅವರೇ ಬಹಿರಂಗವಾಗಿ ಬೈದ್ರು, ಇದನ್ನ ವಿರೋಧಿಸಿದ ಅರ್ಜಿಗೆ 2 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆಮೇಲೆ ವೆಬ್‌ಸೈಟಿಂದ ಆ ಚಿತ್ರ ತೆಗೆದ್ರು.

ಪುಟ್ಟಿಗೆ ತೋರಿಸೋದಾದ್ರೆ ಪೋಸ್ಟರ್ ಬೇಡ, ಅದರಲ್ಲೂ ಎಷ್ಟೋ ಸಲ ಪಿಂಕೇ ಇರತ್ತೆ. ಕೊನೇ ಐದು ನಿಮಿಷಕ್ಕೆ ಓಡಿಸಿ, ಮೆಟ್ಟಿಲು ಇಳಿದು ಬರೋ ಕಡೆ ನಿಲ್ಲಿಸಿ, ಬ್ಯಾಗ್ ಪಕ್ಕದಲ್ಲಿಡಿ. ಟೀವಿಯ ‘ವಿವಿಡ್’ ಮೋಡ್ ಆಫ್ ಮಾಡಿ, ಬಣ್ಣ ಕೆಡತ್ತೆ. "ಯಾವುದು ಸರಿ" ಅಂತ ಕೇಳಬೇಡಿ, "ಏನೇನು ಬೇರೆ ಇದೆ" ಅಂತ ಕೇಳಿ.

ಕೇಕ್ ಬಗ್ಗೆ ಕೇಳಿದ್ರಲ್ಲ, ಬೇಕರೀಲಿ ಬರೀ "ಅರೋರಾ ಥೀಮ್" ಅಂದ್ರೆ ಪಿಂಕೇ ಬರೋದು. ನೀಲಿ ಬೇಕಿದ್ರೆ ನಿಲ್ಲಿಸಿದ ಆ ಫ್ರೇಮಿನ ಫೋಟೋ ತೆಗೆದು ಕಳಿಸಿ. ಮೊದಲು ಅವಳನ್ನ ಕೇಳಿ ಮತ್ತೆ, ಪಿಂಕೇ ಬೇಕು ಅಂದ್ರೆ ಪಿಂಕೇ ಮಾಡಿಸಿ.